ಹಸಿರು ಇಂಕಿನ ಓಕೆ

ನಾನು ಬೇಗ ಮರೆಯುವ ಹೆಂಗಸಲ್ಲ. ಲಗ್ಗೆರೆಯ ನಮ್ಮ ಬೀದಿಯಲ್ಲಿ ಯಾರು ಯಾವತ್ತು ನನ್ನ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ ನೀರು ಹಿಡಿದುಕೊಂಡರು ಎಂಬುದು ನನಗೆ ಇವತ್ತಿಗೂ ನೆನಪಿದೆ. ಆದ್ದರಿಂದ ಕೊನೆಯಲ್ಲಿ ನಾನು ಎಲ್ಲರನ್ನೂ ಕ್ಷಮಿಸಿ ಕಣ್ಣೊರೆಸಿಕೊಳ್ಳುತ್ತೇನೆ ಎಂದು ಯಾರೂ ಕಾಯಬೇಡಿ.

ಪೀಣ್ಯ ಎರಡನೇ ಹಂತದಲ್ಲಿ, ಗಾಡಿಗಳಿಗೆ ಬುಷ್, ಪಿನ್ ಎಂಬ ಸಣ್ಣ ಬಿಡಿಭಾಗ ಮಾಡಿಕೊಡುವ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನ್ನ ಕೆಲಸ. ಕಂಪನಿಗೆ ಬರುವ ಮೇಲ್ ನೋಡುವುದು ಮತ್ತು ಬ್ಯಾಂಕಿನ ವ್ಯವಹಾರ ನನ್ನ ಪಾಲಿಗೆ. ಮಾಲೀಕರನ್ನು ನಾವೆಲ್ಲ ದೊಡ್ಡ ಸಾರ್ ಎನ್ನುತ್ತೇವೆ. ದಾವಣಗೆರೆ ಕಡೆಯವರು, ಎಪ್ಪತ್ತು ದಾಟಿದೆ, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಹಸಿರು ಇಂಕಿನ ಪೆನ್ನು. ಹಸಿರು ಇಂಕಿನಲ್ಲಿ ಸಹಿ ಹಾಕುವ ಗೆಜೆಟೆಡ್ ಅಧಿಕಾರಿ ಆಗಬೇಕೆಂದು ಆಸೆಯಿತ್ತಂತೆ. ಅದು ಕೈಗೂಡಲಿಲ್ಲ, ಹಸಿರು ಇಂಕನ್ನು ಮಾತ್ರ ಅವರು ಬಿಡಲಿಲ್ಲ.

ದೊಡ್ಡ ಸಾರ್ ಕಂಪ್ಯೂಟರ್ ಪರದೆ ನೋಡುವುದಿಲ್ಲ. ಬೆಳಿಗ್ಗೆ ಬಂದ ಅಷ್ಟೂ ಮೇಲ್‌ಗಳನ್ನು ನಾನು ಪ್ರಿಂಟ್ ತೆಗೆದು ಅವರ ಟೇಬಲ್ ಮೇಲೆ ಇಡಬೇಕು. ಹನ್ನೊಂದು ಗಂಟೆಗೆ ಕಾಫಿ ಕುಡಿದು, ಒಂದೊಂದನ್ನೇ ಓದಿ, ಮೂಲೆಯಲ್ಲಿ ‘ಓಕೆ’ ಎಂದೋ ‘ನೋ’ ಎಂದೋ ಬರೆದು ಕೆಳಗೆ ತಾರೀಖು ಹಾಕುತ್ತಾರೆ. ಓಕೆ ಆದ ಕೆಲಸವನ್ನು ನಾನು ಮುಗಿಸಿ, ಸಂಜೆ ಆ ಹಾಳೆಯನ್ನು ಫೈಲಿಗೆ ಸೇರಿಸುತ್ತೇನೆ. ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇದೆ. ಒಂದು ಬದಿ ಖಾಲಿ ಇರುವ ಹಾಳೆಯನ್ನು ಯಾರೂ ಹರಿಯುವಂತಿಲ್ಲ. ಫೈಲಿಗೆ ಬೇಡವಾದದ್ದೆಲ್ಲ ಪ್ರಿಂಟರ್ ಪಕ್ಕದ ರಫ್ ಟ್ರೇಗೆ ಬೀಳಬೇಕು, ಅದರ ಹಿಂಬದಿಯಲ್ಲೇ ಮುಂದಿನ ಪ್ರಿಂಟ್ ಆಗಬೇಕು. ಕಸದ ಬುಟ್ಟಿಯಲ್ಲಿ ಅಂಥ ಹಾಳೆಯೇನಾದರೂ ಕಂಡರೆ ದೊಡ್ಡ ಸಾರ್ ಅದನ್ನು ಎತ್ತಿಕೊಂಡು ಬಂದು ಇಡೀ ಆಫೀಸಿಗೆ ತೋರಿಸಿ ಮಾನ ಕಳೆಯುತ್ತಾರೆ.

ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಜೆ ಹಾಕಿದರು. ಒಂದು ಕಣ್ಣು ಆದ ಮೇಲೆ ಇನ್ನೊಂದು, ಒಟ್ಟು ಒಂದು ತಿಂಗಳ ಮೇಲೆ. ಜವಾಬ್ದಾರಿ ಅವರ ಅಳಿಯನಿಗೆ ಬಂತು. ಇವರು ನಮಗೆ ಚಿಕ್ಕ ಸಾರ್. ಕಾರ್ಖಾನೆಗೆ ಬಂದು ಎರಡು ವರ್ಷವಾಗಿತ್ತು, ಬಾಯಿ ತೆರೆದರೆ ‘ಪೇಪರ್‌ಲೆಸ್’ ಎನ್ನುತ್ತಿದ್ದರು. ಆದರೂ ಮಾವನ ಕುರ್ಚಿಯಲ್ಲಿ ಕೂತ ದಿನವೇ ಮಾವನ ಹಸಿರು ಪೆನ್ನನ್ನೂ ಕೈಗೆತ್ತಿಕೊಂಡರು. ಬ್ಯಾಂಕಿನ ಸಂದೇಶಗಳು ದೊಡ್ಡ ಸಾರ್ ಫೋನಿಗೆ ಬರುವುದರಿಂದ ಆ ಫೋನೂ ಇವರ ಬಳಿಯೇ ಉಳಿಯಿತು.

ಆ ಮೇಲ್ ಬಂದದ್ದು ಮೊದಲ ವಾರದಲ್ಲಿ, ಸಂಬಳದ ಹಿಂದಿನ ದಿನ. ನಾನು ಎಂದಿನಂತೆ ತೆರೆ, ಪ್ರಿಂಟ್ ಒತ್ತು, ಮುಂದಿನದಕ್ಕೆ ಹೋಗು ಎನ್ನುವ ಲೆಕ್ಕದಲ್ಲಿ ಇಪ್ಪತ್ತೈದು ಮೇಲ್‌ಗಳನ್ನು ಪ್ರಿಂಟ್ ತೆಗೆದು ಒಳಗೆ ಕೊಟ್ಟೆ. ಒಂದನ್ನೂ ಓದಿರಲಿಲ್ಲ. ಓದುವುದು ನನ್ನ ಕೆಲಸವಲ್ಲ, ಒಳಗಿನವರ ಕೆಲಸ ಎಂದು ಹನ್ನೊಂದು ವರ್ಷದಿಂದ ಅಂದುಕೊಂಡವಳು ನಾನು. ಹನ್ನೊಂದೂವರೆಗೆ ಚಿಕ್ಕ ಸಾರ್ ಒಂದು ಹಾಳೆ ಹಿಡಿದು ತಾವೇ ಎದ್ದು ಬಂದರು.

“ಮೇಡಂ, ಇದನ್ನ ಮೊದ್ಲು ಮುಗ್ಸಿ. ಕೆವೈಸಿ ಅಪ್‌ಡೇಟ್ ಆಗಿಲ್ವಂತೆ. ಇವತ್ತು ಐದು ಗಂಟೆಯೊಳಗೆ ಮಾಡ್ಲಿಲ್ಲ ಅಂದ್ರೆ ಅಕೌಂಟ್ ಬ್ಲಾಕಂತೆ. ನಾಳೆ ಸ್ಯಾಲರಿ ಹಾಕೋದು ಹೆಂಗೆ?”

ಹಾಳೆಯ ತಲೆಯಲ್ಲಿ ಬ್ಯಾಂಕಿನ ಹೆಸರಿತ್ತು, ಬ್ಯಾಂಕಿನ ಮುದ್ರೆಯಿತ್ತು. ಮೂಲೆಯಲ್ಲಿ ಹಸಿರು ಇಂಕಿನಲ್ಲಿ ‘ಓಕೆ’, ಅದರ ಕೆಳಗೆ ಎರಡು ಗೆರೆ. ತಾರೀಖು ಹಾಕುವ ಅಭ್ಯಾಸ ಇವರಿಗಿರಲಿಲ್ಲ.

“ಬ್ಯಾಂಕಿಗೆ ಒಂದ್ ಫೋನ್ ಮಾಡಿ ಕೇಳ್ಲಾ ಸಾರ್?” ಎಂದೆ. ಇದನ್ನು ನಾನು ಕೇಳಿದ್ದೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

“ಏನ್ ಮೇಡಂ ನೀವು, ಪ್ರತಿಯೊಂದಕ್ಕೂ ಫೋನು! ಓಕೆ ಹಾಕಿದೀನಲ್ಲ, ಮಾಡಿ.”

ಮಾಡಿದೆ. ಮೇಲ್ ತೆರೆದು, ‘ಇಲ್ಲಿ ಒತ್ತಿ’ ಎಂದಿದ್ದ ಕಡೆ ಒತ್ತಿದೆ. ಬ್ಯಾಂಕಿನ ಪುಟದಂಥದ್ದೇ ಪುಟ ತೆರೆದುಕೊಂಡಿತು, ಅದೇ ಬಣ್ಣ, ಅದೇ ಅಕ್ಷರ. ಗ್ರಾಹಕ ಸಂಖ್ಯೆ ಕೊಟ್ಟೆ, ಪಾಸ್‌ವರ್ಡ್ ಕೊಟ್ಟೆ. ಒಟಿಪಿ ಕೇಳಿತು. ಚಿಕ್ಕ ಸಾರ್ ಮಾವನ ಫೋನ್ ನೋಡಿ, ಬಾಗಿಲಲ್ಲೇ ನಿಂತು ಅಂಕಿಗಳನ್ನು ಓದಿ ಹೇಳಿದರು. ‘ಅವಧಿ ಮುಗಿದಿದೆ, ಹೊಸ ಒಟಿಪಿ ಕೊಡಿ’ ಎಂದಿತು. ಮತ್ತೆ ಓದಿದರು. ಧನ್ಯವಾದ ಎಂಬ ಸಾಲು ಬಂತು. ನಾನು ಹಾಳೆಯನ್ನು ಮುಗಿದವುಗಳ ಜೊತೆ ಇಟ್ಟು ಊಟಕ್ಕೆ ಹೋದೆ. ಅವತ್ತು ಡಬ್ಬಿಯಲ್ಲಿ ಹೀರೇಕಾಯಿ ಪಲ್ಯವಿತ್ತು. ಆಮೇಲೆ ಬಹಳ ದಿನ ನನಗೆ ಹೀರೇಕಾಯಿ ಸೇರಲಿಲ್ಲ.

ನಾಲ್ಕು ಗಂಟೆಗೆ ನಮ್ಮ ಬ್ಯಾಂಕ್ ಶಾಖೆಯ ಅಧಿಕಾರಿಣಿ ಫೋನ್ ಮಾಡಿದರು. ಹನ್ನೊಂದು ವರ್ಷದ ಪರಿಚಯವಿದ್ದರೂ ನನಗವರು ‘ಬ್ಯಾಂಕ್ ಮೇಡಂ’ ಅಷ್ಟೆ, ಒಂದು ಮಾತನ್ನೂ ಹೆಚ್ಚಿಗೆ ಆಡುವವರಲ್ಲ.

“ಇವತ್ತು ಹೊಸ ಹೆಸರು ಸೇರಿಸಿ ದುಡ್ಡು ಕಳ್ಸಿದ್ದೀರಾ?”

“ಇಲ್ವಲ್ಲ ಮೇಡಂ.”

“ಒಂದು ಹೋಗಿಬಿಟ್ಟಿದೆ. ಎರಡನೇದು ಹೋಗ್ತಿದೆ, ನಿಲ್ಲಿಸ್ತಿದೀನಿ. ಕೂಡ್ಲೇ ಸೈಬರ್ ಸಹಾಯವಾಣಿಗೆ ಫೋನ್ ಮಾಡಿ. ಒಂದು ನಿಮಿಷ ಕೂಡ ತಡ ಮಾಡ್ಬೇಡಿ.”

ಅವರು ನಿಲ್ಲಿಸಿದ್ದು ಸಂಬಳದ ದುಡ್ಡು. ಹೋದದ್ದು ಹೊಸ ಗ್ರೈಂಡಿಂಗ್ ಯಂತ್ರದ ಮುಂಗಡಕ್ಕೆಂದು ಇಟ್ಟಿದ್ದ ದುಡ್ಡು. ಸಂಜೆಯವರೆಗೆ ದೂರು ಕೊಡುವುದು, ಬ್ಯಾಂಕಿಗೆ ಓಡುವುದು, ಪಾಸ್‌ವರ್ಡ್ ಬದಲಿಸುವುದು ಇದೇ ಆಯಿತು. ಮಾರನೆಯ ದಿನ ಪೊಲೀಸರಿಗೆ ಕೊಡೋಣ ಎಂದು ಆ ಹಸಿರು ಓಕೆಯ ಹಾಳೆಯನ್ನು ಹುಡುಕಿದೆ. ನನ್ನ ಟೇಬಲ್ ಮೇಲೆ ಇರಲಿಲ್ಲ, ಫೈಲಿನಲ್ಲೂ ಇರಲಿಲ್ಲ.

“ಸಾರ್, ನಿನ್ನೆ ನೀವು ಓಕೆ ಹಾಕಿದ ಪ್ರಿಂಟ್ ನೋಡಿದ್ರಾ?”

“ಯಾವ ಪ್ರಿಂಟು?” ಎಂದರು ಚಿಕ್ಕ ಸಾರ್, ಮೊಬೈಲಿನಿಂದ ತಲೆ ಎತ್ತದೆ. “ನೀವು ಪೇಮೆಂಟ್ ಮಾಡೋಕೆ ಒಟಿಪಿ ಬೇಕು ಅಂದ್ರಿ, ಕೊಟ್ಟೆ. ಮೇಲ್ ಗೀಲ್ ನನಗೊತ್ತಿಲ್ಲ.”

ನನ್ನ ಕಿವಿಯೇ ನನಗೆ ಸುಳ್ಳು ಹೇಳುತ್ತಿದೆಯೇನೋ ಅನ್ನಿಸಿತು. ಮೇಲ್ ಬಂದಿತ್ತು ಎಂಬುದಕ್ಕೆ ಕಂಪ್ಯೂಟರಿನಲ್ಲಿ ಸಾಕ್ಷಿಯಿತ್ತು. ಅದನ್ನು ಇವರು ಓದಿ ಒಪ್ಪಿದ್ದರು ಎಂಬುದಕ್ಕೆ ಆ ಒಂದು ಹಾಳೆ ಬಿಟ್ಟರೆ ಏನೂ ಇರಲಿಲ್ಲ.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ, ಒಂದು ಪಾಳಿ ಹೊರಡುವ, ಇನ್ನೊಂದು ಪಾಳಿ ಬರುವ ಹೊತ್ತಿನಲ್ಲಿ, ನೋಟಿಸ್ ಬೋರ್ಡಿನ ಮುಂದೆ ಎಲ್ಲರನ್ನೂ ನಿಲ್ಲಿಸಿದರು. ನನ್ನನ್ನೂ ಕರೆದರು. “ಎಲ್ರೂ ಕೇಳ್ಕೊಳ್ಳಿ. ಇವ್ರು ಯಾವ್ದೋ ಫ್ರಾಡ್ ಮೇಲ್ ನೋಡಿ ಕಂಪನಿ ಪಾಸ್‌ವರ್ಡ್ ಕೊಟ್ಬಿಟ್ಟಿದ್ದಾರೆ. ಮುಂದಿನ ತಿಂಗಳು ಯಾರಿಗೂ ಓಟಿ ಇರಲ್ಲ. ಯಾಕೆ ಅಂತ ನನ್ನ ಕೇಳ್ಬೇಡಿ, ಇವ್ರನ್ನ ಕೇಳಿ.” ಅರವತ್ತು ಎಪ್ಪತ್ತು ಜನ ನನ್ನ ಮುಖ ನೋಡಿದರು. ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ದುಡ್ಡು, ನಂಬಿಕೊಂಡು ಮಕ್ಕಳ ಫೀಸು ಕಟ್ಟುವವರು ಅವರು. ಮಾರನೆಯ ದಿನದಿಂದ ಊಟದ ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿ.

ಒತ್ತಿದ್ದು ನನ್ನ ಬೆರಳೇ, ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಬೈಯಲಿ, ಸಂಬಳ ಕತ್ತರಿಸಲಿ. ಆದರೆ ತಾನು ಬರೆದ ಓಕೆಯನ್ನು ನುಂಗಿಕೊಂಡು, ಊರ ಮುಂದೆ ನನ್ನನ್ನು ನಿಲ್ಲಿಸಿದ್ದು ಬೇರೆ. ಅವತ್ತು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವಳು ತೀರ್ಮಾನ ಮಾಡಿದೆ: ಆ ಕಳ್ಳನಿಗೂ ನೀರು ಕುಡಿಸಬೇಕು, ಈ ಮನುಷ್ಯನಿಗೂ ನೀರು ಕುಡಿಸಬೇಕು. ಕಳ್ಳ ಎಲ್ಲಿದ್ದಾನೋ ಗೊತ್ತಿಲ್ಲ, ಈ ಮನುಷ್ಯ ಮೂರನೇ ಕೋಣೆಯಲ್ಲಿದ್ದ.

ನನ್ನನ್ನು ಆಫೀಸಿನಿಂದ ಎತ್ತಿ ಸ್ಟೋರ್‌ಗೆ ಹಾಕಿದರು. “ಮಾವ ಬರ್ಲಿ, ನಿಮ್ಮ ವಿಷ್ಯ ಅವಾಗ ಡಿಸೈಡ್ ಮಾಡೋಣ,” ಎಂದರು. ಅಂದರೆ ಒಂದು ತಿಂಗಳ ಗಡುವು. ಅಷ್ಟರಲ್ಲಿ ಆ ಹಾಳೆ ಸಿಗದಿದ್ದರೆ ಕಳ್ಳಿಯ ಹಾಗೆ ಮನೆಗೆ ಹೋಗುವುದೇ. ದೊಡ್ಡ ಸಾರ್‌ಗೆ ಫೋನ್ ಮಾಡೋಣವೆಂದರೆ ಆ ಫೋನ್ ಇದ್ದದ್ದು ಅಳಿಯನ ಜೇಬಿನಲ್ಲಿ. ಬರಿಗೈಯಲ್ಲಿ ಅವರ ಮನೆ ಬಾಗಿಲಿಗೆ ಹೋದರೆ ಅಳಿಯನ ಮಾತು ನಿಲ್ಲುತ್ತದೆಯೇ ಹೊರತು ನನ್ನದಲ್ಲ.

ಸ್ಟೋರ್ ಕೀಪರ್ ನಮ್ಮ ಲಗ್ಗೆರೆಯ ಮೂಲದವರು, ಅರವತ್ತರ ಹತ್ತಿರದ ಗೌಡರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಹನ್ನೆರಡು ಬಾಡಿಗೆ ಮನೆಗಳಿವೆ. ಮನೆಯಲ್ಲಿ ಕೂತರೆ ಸೊಸೆ ತರಕಾರಿ ಹೆಚ್ಚಲು ಕೂರಿಸುತ್ತಾಳೆ ಎಂದು ಕೆಲಸಕ್ಕೆ ಬರುತ್ತಿದ್ದರು. ನನ್ನೊಂದಿಗೆ ಮಾತು ಬಿಡದವರು ಇಡೀ ಕಾರ್ಖಾನೆಯಲ್ಲಿ ಅವರೊಬ್ಬರೇ.

“ಯಾಕಮ್ಮಣ್ಣಿ ಇಂಗೆ ಮಕ ಊದಿಸ್ಕಂಡ್ ಕುಂತಿದ್ದೀಯಾ? ಕಳ್ಳ ನಿನ್ ಮನೇಗ್ ಬಂದಿದ್ನಾ? ಇಲ್ವಲ್ಲ. ಬಾ, ಟೀ ಕುಡಿ.”

ಟೀ ಕುಡಿದೆ. ಸಿಟ್ಟು ಇಳಿಯಲಿಲ್ಲ. ಶನಿವಾರ ಅರ್ಧ ದಿನ ರಜೆ ಹಾಕಿ ಬ್ಯಾಂಕ್ ಮೇಡಂ ಎದುರು ಹೋಗಿ ಕೂತೆ. “ಇಂಥ ಮೇಲ್ ಕಂಡು ಹಿಡಿಯೋದು ಹೆಂಗೆ, ನನಗೆ ಹೇಳ್ಕೊಡಿ,” ಎಂದೆ. ನನ್ನ ಮುಖದಲ್ಲಿ ಏನು ಕಂಡಿತೋ, ಆ ಮಿತಭಾಷಿ ಹೆಂಗಸು ತಮ್ಮ ಕಂಪ್ಯೂಟರಿನಲ್ಲಿ ಅಂಥದೊಂದು ಮೇಲ್ ತೆರೆದು ಮುಕ್ಕಾಲು ಗಂಟೆ ಕೂತು ಹೇಳಿದರು.

“ಮೇಲ್ ತಲೇಲಿ ಕಾಣೋ ಹೆಸರು ಯಾರು ಬೇಕಾದ್ರೂ ಬರ್ಕೋಬಹುದು. ನಾನು ನಿಮ್ಮ ಹೆಸರು ಹಾಕ್ಕೊಂಡು ಕಳಿಸ್ಬಹುದು. ಹೆಸರಿನ ಮೇಲೆ ಒತ್ತಿ, ಅದರ ಹಿಂದಿರೋ ವಿಳಾಸ ನೋಡಿ. ನೋಡಿದ್ರಾ? ಬ್ಯಾಂಕ್ ಹೆಸರು ಮುಂದೆ, ಹಿಂದೆ ಯಾವ್ದೋ ಬಟ್ಟೆ ಅಂಗಡಿ ವಿಳಾಸ.” ಆಮೇಲೆ ‘ಇಲ್ಲಿ ಒತ್ತಿ’ ಎನ್ನುವ ಜಾಗದ ಮೇಲೆ ಒತ್ತದೆ, ಮೌಸ್ ಬಾಣವನ್ನು ಸುಮ್ಮನೆ ನಿಲ್ಲಿಸಿದರು. ಪರದೆಯ ಕೆಳಮೂಲೆಯಲ್ಲಿ ಅದು ನಿಜವಾಗಿ ಎಲ್ಲಿಗೆ ಕರೆದೊಯ್ಯುತ್ತದೆ ಎಂಬ ವಿಳಾಸ ಮೂಡಿತು. ಅದು ಬ್ಯಾಂಕಿನದಾಗಿರಲಿಲ್ಲ.

ಆಗ ನನಗೆ ಹೊಳೆಯಿತು. ಇವೆರಡೂ ಪರದೆಯ ಮೇಲೆ ಮಾತ್ರ ಕಾಣುವಂಥವು. ನಮ್ಮ ಪ್ರಿಂಟಿನಲ್ಲಿ ಉಳಿಯುತ್ತಿದ್ದದ್ದು ಬರೀ ಹೆಸರು, ಮುದ್ರೆ ಮತ್ತು ನೀಲಿ ಅಕ್ಷರದ ‘ಇಲ್ಲಿ ಒತ್ತಿ’. ಕಳ್ಳನ ಗುರುತನ್ನೆಲ್ಲ ಅಳಿಸಿ ನಾನೇ ಒಳಗೆ ಕಳಿಸುತ್ತಿದ್ದೆ. ಒಳಗಿನವರು ಪರದೆ ನೋಡದೆ ಓಕೆ ಬರೆಯುತ್ತಿದ್ದರು, ನಾನು ಓಕೆ ನೋಡಿ ಪರದೆ ನೋಡುವುದನ್ನು ಬಿಟ್ಟಿದ್ದೆ. ಇಷ್ಟು ವರ್ಷ ಇದನ್ನು ನಾವು ಶಿಸ್ತು ಎಂದುಕೊಂಡಿದ್ದೆವು.

“ಇನ್ನೊಂದು,” ಎಂದರು ಮೇಡಂ. “ಸಂಜೆ ಒಳಗೆ, ಐದು ಗಂಟೆ ಒಳಗೆ ಅಂತ ಓಡಿಸ್ತಾರಲ್ಲ, ಅದು ಯಾಕೆ ಗೊತ್ತಾ? ನೀವು ನನಗೆ ಫೋನ್ ಮಾಡ್ಬಾರ್ದು ಅಂತ. ಬ್ಯಾಂಕು ಪಾಸ್‌ವರ್ಡ್ ಕೇಳೋದೇ ಇಲ್ಲ. ಕೇಳಿದ್ರೆ ಅದು ನಾವಲ್ಲ. ಅಷ್ಟೆ.”

ಆ ರಾತ್ರಿಯಿಂದ, ಮನೆಯಲ್ಲಿ ಉಳಿದವರು ಧಾರಾವಾಹಿ ನೋಡುವ ಹೊತ್ತಿಗೆ, ನಾನು ನನ್ನ ಮೊಬೈಲಿನ ಸ್ಪ್ಯಾಮ್ ಪೆಟ್ಟಿಗೆ ತೆರೆದು ಕೂರತೊಡಗಿದೆ. ಎಷ್ಟೊಂದು ಬ್ಯಾಂಕುಗಳು ನನ್ನ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದವು! ನನಗೆ ಖಾತೆಯೇ ಇಲ್ಲದ ಬ್ಯಾಂಕುಗಳು ಕೂಡ ಖಾತೆ ಮುಚ್ಚುತ್ತೇವೆಂದು ಹೆದರಿಸುತ್ತಿದ್ದವು. ಎಲ್ಲವೂ ‘ಪ್ರಿಯ ಗ್ರಾಹಕರೇ’. ನಮ್ಮ ಬ್ಯಾಂಕಿನ ನಿಜವಾದ ಪತ್ರದಲ್ಲಿ ಕಂಪನಿಯ ಹೆಸರಿರುತ್ತದೆ. ಇವರಿಗೆ ನನ್ನ ಹೆಸರೇ ಗೊತ್ತಿಲ್ಲ, ಗಾಳ ಮಾತ್ರ ಎಸೆಯುತ್ತಾರೆ. ಒಂದೊಂದನ್ನೂ ಬಿಡಿಸಿ ನೋಡುತ್ತ, ಬರೆದವನ ಮುಖ ಹೇಗಿರಬಹುದು ಎಂದು ಊಹಿಸುತ್ತ, ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಎರಡು ವಾರದಲ್ಲಿ ಮೊದಲ ಸಾಲು ನೋಡಿ ಕಳ್ಳನನ್ನು ಹೇಳುವಷ್ಟು ಪಳಗಿದೆ. ಆದರೆ ನನ್ನ ಹಾಳೆ ಇನ್ನೂ ಸಿಕ್ಕಿರಲಿಲ್ಲ.

ಸ್ಟೋರ್‌ನಲ್ಲಿ ನನ್ನ ಕೆಲಸ ಜಾಬ್ ಕಾರ್ಡ್ ಜೋಡಿಸುವುದು. ಕಾರ್ಖಾನೆಯಲ್ಲಿ ಮಾಲಿನ ಪ್ರತಿ ಕ್ರೇಟಿಗೂ ಒಂದು ಜಾಬ್ ಕಾರ್ಡ್ ಇರುತ್ತದೆ. ಯಾವ ಬುಷ್, ಎಷ್ಟು, ಯಾವ ಯಂತ್ರದ ಮೇಲೆ ಏನೇನು ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಕ್ರೇಟಿಗೆ ಕಟ್ಟುತ್ತಾರೆ. ಮಾಲು ಹೊರಟ ಮೇಲೆ ಕಾರ್ಡು ಸ್ಟೋರ್‌ಗೆ ಮರಳುತ್ತದೆ. ಒಂದು ದಿನ ಕಾರ್ಡುಗಳನ್ನು ಕಟ್ಟುತ್ತಿದ್ದಾಗ ಒಂದು ತಿರುಗಿ ಬಿತ್ತು. ಹಿಂಬದಿಯಲ್ಲಿ ಕೊರಿಯರ್ ಕಂಪನಿಯ ಮೇಲ್. ನಾನೇ ತೆಗೆದ ಪ್ರಿಂಟು, ಮೂಲೆಯಲ್ಲಿ ಹಸಿರು ಇಂಕಿನ ‘ನೋ’, ಕೆಳಗೆ ಎರಡು ಗೆರೆ.

ನಾನು ಹಾಗೇ ಕೂತುಬಿಟ್ಟೆ. ಚಿಕ್ಕ ಸಾರ್ ಆ ಹಾಳೆಯನ್ನು ಏನು ಮಾಡಿರಬಹುದು? ಹರಿದು ಬಿಸಾಡಿರಬಹುದು, ಸುಟ್ಟಿರಬಹುದು. ಆದರೆ ಹರಿದ ಹಾಳೆ ಬುಟ್ಟಿಯಲ್ಲಿ ಸಿಕ್ಕರೆ ಏನಾಗುತ್ತದೆ ಎಂದು ಈ ಮನೆಯ ಅಳಿಯನಿಗೂ ಎರಡು ವರ್ಷದಲ್ಲಿ ಪಾಠವಾಗಿತ್ತು. ಕೈ ಅಭ್ಯಾಸದಲ್ಲಿ ರಫ್ ಟ್ರೇಗೆ ಹಾಕಿದ್ದರೆ? ಹತ್ತು ನಿಮಿಷದಲ್ಲಿ ಅದರ ಬೆನ್ನ ಮೇಲೆ ಇನ್ನೇನೋ ಪ್ರಿಂಟಾಗಿ ಕಾರ್ಖಾನೆಯೊಳಗೆ ಕರಗಿಹೋಗುತ್ತದೆ, ಪೀಡೆ ತೊಲಗಿತು ಎಂದುಕೊಂಡಿರಬಹುದು.

ಮರಳಿದ ಕಾರ್ಡುಗಳನ್ನೆಲ್ಲ ತಿರುವಿದೆ. ಮೂರು ದಿನ ಹಿಡಿಯಿತು. ಸಿಗಲಿಲ್ಲ. ಯಂತ್ರಗಳ ಪಕ್ಕದ ಕ್ರೇಟುಗಳಲ್ಲಿ ನೋಡಿದೆ. ಮಾಲು ಎಣಿಸುವ ನೆಪ ಹಾಕಿ ಒಂದೊಂದೇ ಕಾರ್ಡಿನ ಬೆನ್ನು ನೋಡುತ್ತಿದ್ದರೆ ಹಿಂದಿನಿಂದ ಮಾತು ಕೇಳುತ್ತಿತ್ತು: “ಆಫೀಸ್ ಮುಳುಗ್ಸಿ ಆಯ್ತು, ಈಗ ಮಿಷಿನ್ ಶಾಪ್‌ಗೆ ಬಂದವ್ರೆ.” ಹಲ್ಲು ಕಚ್ಚಿಕೊಂಡು ಮುಂದಿನ ಕ್ರೇಟಿಗೆ ಹೋಗುತ್ತಿದ್ದೆ. ಒಂಬತ್ತನೇ ದಿನ ಕೈಚೆಲ್ಲಿ ಕೂತೆ. ಗೌಡರಿಗೆ ಎಲ್ಲ ಹೇಳಿದೆ.

ಅವರು ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ ಯೋಚಿಸಿದರು. “ಎಲ್ಲಾ ಕಡೆ ನೋಡ್ದೆ ಅಂತೀಯ. ಕೆಂಪು ರ‍್ಯಾಕ್ ನೋಡ್ದಾ?”

ಕೆಂಪು ರ‍್ಯಾಕ್ ಎಂದರೆ ತಪಾಸಣೆಯಲ್ಲಿ ಫೇಲಾದ ಮಾಲು ಇಡುವ ಜಾಗ. ಅಲ್ಲಿ ಬಿದ್ದದ್ದು ಮುಂದೆಯೂ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ. ಅಳತೆ ತಪ್ಪಿದ ಬುಷ್‌ಗಳ ಮೂರನೇ ಕ್ರೇಟಿನಲ್ಲಿ, ಪ್ಲಾಸ್ಟಿಕ್ ಕವರ್ ಹರಿದ ಒಂದು ಕಾರ್ಡು ಎಣ್ಣೆ ಕುಡಿದು ಅಂಟಿಕೊಂಡಿತ್ತು. ಎಣ್ಣೆಗೆ ಕಾಗದ ಪಾರದರ್ಶಕವಾಗಿ ಹಸಿರು ಬಣ್ಣ ಈಚೆಗೆ ಕಾಣುತ್ತಿತ್ತು. ತಿರುಗಿಸಿದೆ. ಬ್ಯಾಂಕಿನ ಮುದ್ರೆ, ‘ಪ್ರಿಯ ಗ್ರಾಹಕರೇ’, ಐದು ಗಂಟೆಯ ಗಡುವು, ಮೂಲೆಯಲ್ಲಿ ಓಕೆ, ಎರಡು ಗೆರೆ. ನಾನು ಅಲ್ಲೇ, ಆ ತಿರಸ್ಕೃತ ಬುಷ್‌ಗಳ ನಡುವೆ, ಗಟ್ಟಿಯಾಗಿ ನಕ್ಕುಬಿಟ್ಟೆ.

“ಸಿಕ್ತಾ? ಇನ್ನೇನು, ಹೋಗಿ ಮಕದ ಮೇಲ್ ಬಿಸಾಕು,” ಎಂದರು ಗೌಡರು.

“ಇಲ್ಲ ಗೌಡ್ರೇ. ಈಗ ಬಿಸಾಕಿದ್ರೆ, ಇದು ನನ್ನ ಅಕ್ಷರ ಅಲ್ಲ ಅಂತಾನೆ. ದೊಡ್ಡ ಸಾರ್ ಬರ್ಲಿ.” ಹಾಳೆಯನ್ನು ಹಳೆಯ ಕ್ಯಾಲೆಂಡರಿನೊಳಗೆ ಮಡಚದೆ ಇಟ್ಟು ಮನೆಗೆ ಒಯ್ದೆ. ಮರುದಿನದಿಂದ ಅದು ನನ್ನ ಚೀಲ ಬಿಟ್ಟು ಎಲ್ಲೂ ಹೋಗಲಿಲ್ಲ.

ಎರಡು ದಿನವಾಗಿತ್ತು. ಮತ್ತೆ ಸಂಬಳದ ಹಿಂದಿನ ದಿನ. ಮಧ್ಯಾಹ್ನ ಒಂದು ಗಂಟೆಗೆ ಚಿಕ್ಕ ಸಾರ್ ತಾವೇ ಸ್ಟೋರ್‌ಗೆ ಬಂದರು. ಮುಖದಲ್ಲಿ ಗೆಲುವಿತ್ತು.

“ಮೇಡಂ, ಬ್ಯಾಂಕಿನ ಕಸ್ಟಮರ್ ನಂಬರ್ ಹೇಳಿ. ಹೋದ ದುಡ್ಡು ರಿಫಂಡ್ ಬರ್ತಿದೆ. ನೀವು ಹಾಳ್ ಮಾಡಿದ್ದನ್ನ ಕೊನೆಗೆ ನಾನೇ ಸರಿ ಮಾಡ್ಬೇಕು ನೋಡಿ.”

ಆ ಸಂಖ್ಯೆ ಚೆಕ್ ಪುಸ್ತಕ ತೆರೆದರೆ ಸಿಗುತ್ತದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. “ಎಲ್ಲಿ ಸಾರ್, ನೋಡೋಣ,” ಎಂದು ಮೊಬೈಲ್ ಇಸಿದುಕೊಂಡೆ. ಬ್ಯಾಂಕಿನ ‘ವಂಚನೆ ಪರಿಹಾರ ವಿಭಾಗ’ದಿಂದ ಮೇಲ್. ಪ್ರಿಯ ಗ್ರಾಹಕರೇ. ಇಂದು ಸಂಜೆ ಐದರೊಳಗೆ ವಿವರ ದೃಢಪಡಿಸಿದರೆ ಹಣ ವಾಪಸು. ಹೆಸರಿನ ಮೇಲೆ ಬೆರಳಿಟ್ಟೆ. ಹಿಂದಿನಿಂದ ಹೊರಬಂದ ವಿಳಾಸ ಬ್ಯಾಂಕಿನದಲ್ಲ, ಯಾವುದೋ ಟ್ರಾವೆಲ್ಸಿನದು. ಒಮ್ಮೆ ಬಿದ್ದವರು ಮತ್ತೆ ಬೀಳುತ್ತಾರೆಂದು ಅವನು ಮರಳಿ ಬಂದಿದ್ದ. ನನ್ನ ಕಳ್ಳ.

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸಂಖ್ಯೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಸಾಕಿತ್ತು, ಇವರು ಒಳಗೆ ಹೋಗಿ ಒತ್ತುತ್ತಿದ್ದರು, ಈ ಸಲ ಒತ್ತಿದ್ದು ಇವರದೇ ಬೆರಳಾಗುತ್ತಿತ್ತು. ಎಪ್ಪತ್ತು ಜನರ ಸಂಬಳ ಹೋಗುತ್ತಿತ್ತು. ಹೋಗಲಿ ಅನ್ನಿಸಿತು. ಊಟದ ಬೆಂಚಿನಲ್ಲಿ ಸರಿದು ಕೂತವರು ತಾನೇ? ಒಂದು ತಿಂಗಳಿನಿಂದ ಹೊಟ್ಟೆಯಲ್ಲಿದ್ದ ಬೆಂಕಿಗೆ ಇದಕ್ಕಿಂತ ಒಳ್ಳೆಯ ಸೌದೆ ಸಿಗುತ್ತಿರಲಿಲ್ಲ.

ತಡೆದದ್ದು ನನ್ನ ಒಳ್ಳೆಯತನವಲ್ಲ. ಇವರು ಒತ್ತಿದರೆ ಗೆಲ್ಲುವುದು ಆ ಕಳ್ಳ. ನನ್ನ ಕೈಯಿಂದ ಅವನಿಗೆ ಎರಡನೇ ಸಲ ಊಟ ಹಾಕಲು ನನಗೆ ಮನಸ್ಸು ಬರಲಿಲ್ಲ. ಅಲ್ಲದೆ, ಈ ಮನುಷ್ಯನಿಗೆ ಮಣ್ಣು ಮುಕ್ಕಿಸುವ ಕೆಲಸ ನನ್ನದು, ಅದನ್ನು ಬೇರೆಯವನಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

“ನಂಬರ್ ಹಳೇ ಡೈರೀಲಿದೆ ಸಾರ್, ಡೈರಿ ಮನೇಲಿದೆ. ಹೋಗಿ ತರ್ತೀನಿ, ನಾಲ್ಕೂವರೆಗೆಲ್ಲ ಇಲ್ಲಿರ್ತೀನಿ,” ಎಂದೆ. “ಆದ್ರೆ ನಾಳೆ ಮತ್ತೆ ನನ್ನ ತಲೇಗ್ ಬರ್ಬಾರ್ದು. ಇದನ್ನ ಪ್ರಿಂಟ್ ತೆಗೆದು ಓಕೆ ಹಾಕ್ಕೊಡಿ.”

“ಇನ್ನೂ ಆ ಪೇಪರ್ ಭಕ್ತಿ ಬಿಟ್ಟಿಲ್ವಾ ನೀವು?” ಎಂದು ನಕ್ಕರು. ಮೇಲೆ ಹೋಗಿ ಪ್ರಿಂಟ್ ತೆಗೆದು, ಹಸಿರು ಪೆನ್ನಿನಲ್ಲಿ ಓಕೆ ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟರು. ಹಳೆಯ ಹಾಳೆ ಯಾವತ್ತೋ ಮಣ್ಣಾಗಿದೆ ಎಂಬ ಧೈರ್ಯ. ನಾನು ಎರಡು ಹಾಳೆಗಳನ್ನೂ ಚೀಲದಲ್ಲಿಟ್ಟುಕೊಂಡು, ಗೇಟಿನಲ್ಲಿ ಆಟೋ ಹಿಡಿದು, ಮನೆಗಲ್ಲ, ನೇರ ಯಶವಂತಪುರದಲ್ಲಿರುವ ದೊಡ್ಡ ಸಾರ್ ಅಪಾರ್ಟ್‌ಮೆಂಟಿಗೆ ಹೋದೆ.

ಅವರು ಕಪ್ಪು ಕನ್ನಡಕ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತಿದ್ದರು. “ಯಾರು? ನೀನೇನವ್ವಾ? ಬಾ. ಎಂಥ ಕೆಲಸ ಮಾಡಿದಿ ನೀನು,” ಎಂದರು. ದನಿಯಲ್ಲಿ ಬೇಸರವಿತ್ತು, ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ನಾನು ಏನೂ ಹೇಳದೆ ಎರಡೂ ಹಾಳೆಗಳನ್ನು ಅವರ ಮುಂದಿಟ್ಟೆ. ಅವರು ಭೂತಗನ್ನಡಿ ತರಿಸಿಕೊಂಡರು. ಮೊದಲು ಎಣ್ಣೆಯ ಹಾಳೆ, ಆಮೇಲೆ ಹೊಸದು, ಮತ್ತೆ ಎಣ್ಣೆಯದು.

“ಇದು ನನ್ನ ಓಕೆ ಅಲ್ಲ,” ಎಂದರು ಕೊನೆಗೆ. “ನಾನು ತಾರೀಖು ಹಾಕದೆ ಬಿಡೋನಲ್ಲ.”

“ಗೊತ್ತು ಸಾರ್. ಎರಡನೇದಕ್ಕೆ ಒಂದು ಗಂಟೆ ಹಿಂದೆ ಓಕೆ ಆಗಿದೆ. ಅದೂ ಕಳ್ಳನದೇ. ಐದು ಗಂಟೆ ಒಳಗೆ ಒತ್ಬೇಕಂತೆ. ನಾಳೆ ಸಂಬಳ.”

ಆ ಮುದುಕ ಮನುಷ್ಯ ಎದ್ದ ವೇಗಕ್ಕೆ ಕುರ್ಚಿ ಹಿಂದಕ್ಕೆ ಸರಿಯಿತು. ಹೆಂಡತಿಯ ಫೋನಿನಿಂದ ಬ್ಯಾಂಕ್ ಮೇಡಂ ಜೊತೆ ಮಾತಾಡಿ, ತಾವು ಬರುವವರೆಗೆ ಖಾತೆಯಿಂದ ಒಂದು ಪೈಸೆಯೂ ಹೊರಹೋಗದಂತೆ ತಡೆ ಹಾಕಿಸಿದರು. ಆಮೇಲೆ ಅಳಿಯನಿಗೆ. “ಏನೂ ಮುಟ್ಟಬೇಡ. ಕುರ್ಚಿ ಬಿಟ್ಟು ಏಳು,” ಎಂದಷ್ಟೇ ಹೇಳಿ ಫೋನ್ ಇಟ್ಟರು. ಆಗ ನಾನು ಕೂತೆ. ಅವರ ಹೆಂಡತಿ ಮಜ್ಜಿಗೆ ಕೊಟ್ಟರು.

“ನಿನಗೇನು ಬೇಕು ಹೇಳವ್ವಾ,” ಎಂದರು ದೊಡ್ಡ ಸಾರ್. “ನಾಳೆಯಿಂದ ನಿನ್ನ ಜಾಗಕ್ಕೆ ನೀನು ಬಾ. ಸಂಬಳಾನೂ ನೋಡೋಣ. ಅವನಿಗೆ ನಾನು ಮನೆಯೊಳಗೆ ಬುದ್ಧಿ ಹೇಳ್ತೀನಿ. ಮಗಳ ಗಂಡ ಅವನು, ನನಗೂ ಕಷ್ಟ ಐತಿ.”

“ನನ್ನ ಬೈದಿದ್ದು ಮನೆಯೊಳಗಲ್ಲ ಸಾರ್.”

ಅವರು ಎಣ್ಣೆಯ ಹಾಳೆಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು. ಬೇರೆಯವರ ಕಷ್ಟ ಅರ್ಥವಾಗುವುದಿಲ್ಲ ಎಂದಲ್ಲ, ಆದರೆ ಅವತ್ತು ಬೋರ್ಡಿನ ಮುಂದೆ ನಿಂತಾಗ ನನ್ನ ಕಷ್ಟ ಯಾರಿಗೂ ಅರ್ಥವಾಗಿರಲಿಲ್ಲ. ಒಂದು ಹಾಳೆ ಕೇಳಿ ಪಡೆದು ನನ್ನ ಬೇಡಿಕೆಯನ್ನು ಮೂರು ಸಾಲಿನಲ್ಲಿ ಬರೆದು ಮುಂದಿಟ್ಟೆ. ಅವರು ಭೂತಗನ್ನಡಿಯಲ್ಲಿ ಎರಡು ಸಲ ಓದಿದರು. ಪೆನ್ನು ಅಳಿಯನ ಬಳಿಯಿತ್ತು. ಒಳಗಿನಿಂದ ಹಳೆಯದೊಂದು ಪೆನ್ನು ತರಿಸಿದರು. ಅದರಲ್ಲೂ ಹಸಿರು ಇಂಕೇ ಇತ್ತು.

ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಎರಡೂ ಪಾಳಿಯವರು ಅದೇ ನೋಟಿಸ್ ಬೋರ್ಡಿನ ಮುಂದೆ ನಿಂತರು. ಎರಡೂ ಮೇಲ್‌ಗಳನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸಿ ನಾನು ಬೋರ್ಡಿಗೆ ಚುಚ್ಚಿದ್ದೆ. ಪಕ್ಕದಲ್ಲಿ, ಪ್ರಿಂಟಿನಲ್ಲಿ ಕಾಣದ ನಿಜ ವಿಳಾಸಗಳನ್ನು ಕೆಂಪು ಮಾರ್ಕರಿನಲ್ಲಿ ಬರೆದಿದ್ದೆ. ದೊಡ್ಡ ಸಾರ್ ಕಪ್ಪು ಕನ್ನಡಕದಲ್ಲಿ ಪಕ್ಕಕ್ಕೆ ನಿಂತರು. ಚಿಕ್ಕ ಸಾರ್ ಮುಂದೆ ಬಂದರು.

“ಇವೆರಡಕ್ಕೂ... ಓಕೆ ಹಾಕಿದ್ದು ನಾನು. ಮೊದಲ್ನೇ ಸಲ ಒಟಿಪಿ ಓದಿ ಹೇಳಿದ್ದೂ ನಾನೇ. ಮೇಡಂ ಬ್ಯಾಂಕಿಗೆ ಫೋನ್ ಮಾಡ್ತೀನಿ ಅಂದಿದ್ರು, ನಾನು ಬೇಡ ಅಂದೆ.”

ನಾನು ಮುಂದೆ ಹೋಗಿ, “ಇದ್ರಲ್ಲಿ ತಪ್ಪೇನಿದೆ ಹೇಳಿ,” ಎಂದೆ. ಮೊದಲು ಹಿಂಜರಿದರು. ಆಮೇಲೆ ಪ್ಯಾಕಿಂಗಿನ ಹೆಂಗಸೊಬ್ಬಳು, “ಅಕ್ಕಾ, ನಮ್ ಕಂಪನಿ ಹೆಸರೇ ಇಲ್ವಲ್ಲ ಇದ್ರಾಗೆ,” ಎಂದಳು. ಊಟದ ಬೆಂಚಿನಲ್ಲಿ ಮೊದಲು ಎದ್ದು ಹೋದವಳು ಅವಳೇ. ಲೇತ್ ಆಪರೇಟರ್ ವಿಳಾಸ ಓದಿ, “ಗುರೂ, ಇದು ಟೂರಿಸ್ಟ್ ಗಾಡಿ ಬ್ಯಾಂಕು!” ಎಂದ. ನಗು ಎದ್ದಿತು. ಗೌಡರು ಹಿಂದಿನಿಂದ ಕೂಗಿದರು: “ಐದ್ ಗಂಟೆ ಒಳಗಂತೆ! ಹನ್ನೆರಡು ಮನೆ ಬಾಡ್ಗೆ ನಾನೇ ಇಂಗೆ ಕೇಳಕ್ಕಿಲ್ಲ ಕಣಪ್ಪಾ!” ಎಲ್ಲರೂ ನಕ್ಕರು. ಚಿಕ್ಕ ಸಾರ್ ಕಿವಿ ಕೆಂಪಾಗಿ ನಿಂತಿದ್ದರು. ನಾನು ಅದನ್ನು ಕಣ್ತುಂಬ ನೋಡಿದೆ.

ಹೋದ ದುಡ್ಡಿನಲ್ಲಿ ಒಂದು ಪಾಲು, ಬೇಗ ದೂರು ಕೊಟ್ಟಿದ್ದರಿಂದ, ತಡೆಯಾಗಿ ವಾಪಸು ಬಂತು. ಕಳ್ಳ ಇವತ್ತಿಗೂ ಸಿಕ್ಕಿಲ್ಲ. ಅವನು ಎಲ್ಲೇ ಇರಲಿ, ಉಂಡ ಅನ್ನ ಅವನಿಗೆ ಅರಗದಿರಲಿ. ಮೇಲ್‌ಗಳನ್ನು ನಾವು ಈಗಲೂ ಪ್ರಿಂಟ್ ತೆಗೆಯುತ್ತೇವೆ, ಆದರೆ ನಾನು ಪರದೆಯ ಮೇಲೆ ಹೆಸರಿನ ಹಿಂದಿನ ವಿಳಾಸ ನೋಡಿ, ಅದನ್ನು ಹಾಳೆಯ ತಲೆಯಲ್ಲಿ ಪೆನ್ಸಿಲಿನಲ್ಲಿ ಬರೆಯದ ಹೊರತು ಯಾವ ಹಾಳೆಯೂ ಒಳಗೆ ಹೋಗುವುದಿಲ್ಲ.

ದೊಡ್ಡ ಸಾರ್ ಓಕೆ ಬರೆದು ತಾರೀಖು ಹಾಕಿದ ನನ್ನ ಆ ಮೂರು ಸಾಲಿನ ಹಾಳೆಯನ್ನು ರಫ್ ಟ್ರೇಗೆ ಹಾಕಲಿಲ್ಲ, ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಮೊದಲ ಸಾಲು, ನನ್ನ ಜಾಗ ನನಗೆ. ಎರಡನೆಯದು, ಎಲ್ಲರ ಮುಂದೆ ತಪ್ಪೊಪ್ಪಿಗೆ. ಮೂರನೆಯದನ್ನು ಓದುವಾಗಲೇ ದೊಡ್ಡ ಸಾರ್ ಕೈ ತಡೆದದ್ದು: ಕಾರ್ಖಾನೆಗೆ ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಮೊದಲ ದಿನ ಈ ಎರಡು ಮೇಲ್‌ಗಳ ಪಾಠ ಆಗಬೇಕು, ಪಾಠ ಮಾಡುವವರು ಚಿಕ್ಕ ಸಾರ್ ಆಗಿರಬೇಕು, ಪಾಠ ‘ಇದಕ್ಕೆ ಓಕೆ ಹಾಕಿದ್ದು ನಾನು’ ಎಂಬ ಮಾತಿನಿಂದಲೇ ಶುರುವಾಗಬೇಕು. ಇಲ್ಲಿಯವರೆಗೆ ಹದಿನಾಲ್ಕು ಜನ ಸೇರಿದ್ದಾರೆ. ಪಾಠದ ಹೊತ್ತಿಗೆ ನಾನು ಅಲ್ಲಿರಬೇಕೆಂದು ಹಾಳೆಯಲ್ಲಿ ಎಲ್ಲೂ ಬರೆದಿಲ್ಲ. ಆದರೂ ಹದಿನಾಲ್ಕು ಸಲವೂ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ, ಮುಂದಿನ ಸಾಲಿನಲ್ಲಿ ನಿಂತು ಕೇಳಿದ್ದೇನೆ.